ರಾಗವೂ ವಿರಾಗವೂ: ಒಂದು ಧಾಟಿ ಗೀತವಾಗಿ ಬೆಳೆಯುವ ಬಗೆ

ಶೃಂಗೇರಿಯಿಂದ ನೆಮ್ಮಾರನ್ನು ದಾಟಿ ಸಾಗುವ ಹಾದಿಯು ಕೆರೆಕಟ್ಟೆಯನ್ನು ಮುಟ್ಟುವ ಹೊತ್ತಿಗೆ ದಟ್ಟವಾದ ಕಾಡನ್ನು ಹೊಕ್ಕಿರುತ್ತದೆ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಅರಣ್ಯವಿದು. ಮುಂದೆ ಕಳಸ, ಕುದುರೆಮುಖಗಳ ಕಡೆಯಿಂದ ಬರುವ ದಾರಿಯೂ ಇದನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಮಾಳದ ಘಟ್ಟವನ್ನಿಳಿದು ಬಜಗೋಳಿಯ ಮಾರ್ಗವಾಗಿ ಕಾರ್ಕಳವನ್ನು ಸೇರಬಹುದು. ಮಲೆನಾಡಿನ ಶ್ರಾವಕರಿಗೆ ಇದು ಯಾತ್ರೆಯ ಹಾದಿ. ಘಟ್ಟದ ಮೇಲೆ ಶೃಂಗೇರಿಯ ಪೇಟೆಯೊಳಗೆ ಬೇಲೂರಿನ ಕಡೆಯ ಮಾರಿಶೆಟ್ಟಿಯ ನೆನಪಿಗಾಗಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ. ಅದರಾಚೆ ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿ ದೇವಿಯ ಸನ್ನಿಧಿಯಿದೆ. ಘಟ್ಟದ ಕೆಳಗೆ ವೀರಪಾಂಡ್ಯನು 1432ರಲ್ಲಿ ಪ್ರತಿಷ್ಠಾಪಿಸಿದ ಕಾರ್ಕಳದ ಬಾಹುಬಲಿ, ಅದರಾಚೆ ಸಾವಿರ ಕಂಬದ ಬಸದಿಯ ಮೂಡುಬಿದಿರೆ. ಕಳಸವನ್ನೂ ಕಾರ್ಕಳವನ್ನೂ ಒಂದೇ ಆಳ್ವಿಕೆಯಲ್ಲಿ ಇರಿಸಿಕೊಂಡಿದ್ದ ಭೈರರಸರ ಕಾಲದಿಂದಲೂ ಮೇಲುನಾಡಿಗೂ ಕರಾವಳಿಗೂ ಹೋಗಿಬರುವ ಬಳಕೆಯುಂಟು.

ಈ ಹಾದಿಯ ಎರಡು ತುದಿಗಳಲ್ಲಿ ಮಾತಿನ ರೀತಿ ಬೇರೆ, ಉಣಿಸು ಬೇರೆ, ಮನೆ ಕಟ್ಟುವ ಕ್ರಮವೂ ಬೇರೆ. ಆದರೆ ಬಸದಿಯ ಒಳಹೊಕ್ಕರೆ ಅರ್ಚನೆಯ ಕ್ರಮ ಒಂದೇ. ಆಹ್ವಾನ, ಸ್ಥಾಪನೆ, ಸನ್ನಿಧೀಕರಣಗಳಾದ ಮೇಲೆ ಜಲ, ಗಂಧ, ಅಕ್ಷತೆ, ಪುಷ್ಪ, ನೈವೇದ್ಯ, ದೀಪ, ಧೂಪ, ಫಲ ಎಂಬ ಎಂಟು ದ್ರವ್ಯಗಳಿಗೆ ಒಂದೊಂದರಂತೆ ಪದ್ಯ, ಬಳಿಕ ಅರ್ಘ್ಯ, ಕೊನೆಗೆ ಜಯಮಾಲೆ. ಹಾಡುವವರು ಎಂಟು ಪದ್ಯಗಳಿಗೂ ಸಾಮಾನ್ಯವಾಗಿ ಒಂದೇ ಧಾಟಿಯನ್ನು ಹಿಡಿದಿರುತ್ತಾರೆ. ದ್ರವ್ಯ ಬದಲಾಗುತ್ತದೆ, ಮಾತು ಬದಲಾಗುತ್ತದೆ, ಧಾಟಿ ಮಾತ್ರ ನಿಂತಿರುತ್ತದೆ. ಜಯಮಾಲೆಗೆ ಬಂದಾಗ ಅದು ಹರಡಿಕೊಂಡು ತುಂಬುತ್ತದೆ. ನಾವು ದಿನವೂ ಕೇಳುವುದರಿಂದ ಇದನ್ನು ಸಂಗೀತವೆಂದು ಎಣಿಸುವುದೇ ಇಲ್ಲ. ಒಂದು ಚಿಕ್ಕ ಧಾಟಿ ಹುಟ್ಟಿ, ಬೆಳೆದು, ಪೂರ್ಣವಾದ ಗೀತವಾಗುವ ಕ್ರಮದ ಹಿಂದೆ ಸುದೀರ್ಘವಾದ ಇತಿಹಾಸವಿದೆ. ಅದರಲ್ಲಿ ಜೈನರ ಪಾಲೂ ಇದೆ. ಅದರೊಳಗೆ ಒಂದು ನೀತಿಯ ಪ್ರಶ್ನೆಯೂ ಅಡಗಿದೆ. ರಾಗವನ್ನು ಗೆಲ್ಲಬೇಕೆಂದು ಬೋಧಿಸುವ ಧರ್ಮದಲ್ಲಿ ರಾಗವನ್ನು ಹಾಡುವುದಕ್ಕೆ ಯಾವ ಸ್ಥಾನ? ಈ ಪ್ರಶ್ನೆಯನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ಅರ್ಥದ ಒಂದು ಶಬ್ದ

ಸಂಗೀತಶಾಸ್ತ್ರದಲ್ಲಿ ರಾಗವೆಂದರೆ ಮನಸ್ಸನ್ನು ರಂಜಿಸುವ ಸ್ವರಸಂದರ್ಭ. ಜೈನಶಾಸ್ತ್ರದಲ್ಲಿ ರಾಗವೆಂದರೆ ಬಂಧಕ್ಕೆ ಕಾರಣವಾದ ಆಸಕ್ತಿ, ದ್ವೇಷದ ಜೊತೆಗಾರ. ಜಿನನು ವೀತರಾಗ. ಬಣ್ಣ ಹಚ್ಚುವುದು, ಅಂಟಿಸುವುದು ಎಂಬ ಒಂದೇ ಧಾತುವಿನ ಅರ್ಥದಿಂದ ಎರಡೂ ಹೊರಟಿವೆ. ನಮ್ಮ ಕವಿಗಳು ಈ ಇಕ್ಕಟ್ಟನ್ನು ಬಲ್ಲವರಾಗಿದ್ದರು. ಇದರ ಎರಡು ಮುಖಗಳನ್ನು ಎರಡು ಮಹಾಕೃತಿಗಳಲ್ಲಿ ಸ್ಪಷ್ಟವಾಗಿ ಕಾಣಬಹುದು.

ಮೊದಲನೆಯದು, ಹೊಯ್ಸಳ ವೀರಬಲ್ಲಾಳನ ಕಾಲದ ಜನ್ನಕವಿ 1209ರಲ್ಲಿ ರಚಿಸಿದ ‘ಯಶೋಧರಚರಿತೆ’. ಅರಸಿ ಅಮೃತಮತಿ ಪತಿಯ ಮಗ್ಗುಲಲ್ಲಿ ಮಲಗಿರುವಾಗ ಇರುಳಿನ ಕೊನೆಯಲ್ಲಿ ಆನೆಯ ಲಾಯದ ಕಡೆಯಿಂದ ಒಂದು ಹಾಡು ತೇಲಿಬರುತ್ತದೆ. ಹಾಡಿದವನು ಮಾವುತ ಅಷ್ಟಾವಂಕ. ಅವನ ರೂಪವನ್ನು ಆಕೆ ಕಂಡಿಲ್ಲ, ಗುಣವನ್ನು ಅರಿತಿಲ್ಲ, ಕೇಳಿದ್ದು ದನಿಯೊಂದನ್ನೇ. ಸಖಿ ಅವನನ್ನು ನೋಡಿ ಬಂದು ಅವನ ವಿಕಾರವನ್ನು ಬಣ್ಣಿಸಿದರೂ ಆಕೆಯ ಮನಸ್ಸು ತಿರುಗುವುದಿಲ್ಲ. ಅಲ್ಲಿಂದ ಮುಂದೆ ದಾಂಪತ್ಯ ಮುರಿಯುತ್ತದೆ, ಹಿಟ್ಟಿನ ಕೋಳಿಯ ಬಲಿ ನಡೆಯುತ್ತದೆ, ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಇಷ್ಟು ದೊಡ್ಡ ದುಃಖದ ಸರಪಳಿಯ ಮೊದಲ ಕೊಂಡಿ ಒಂದು ಹಾಡು. ಜನ್ನನು ಆ ಹಾಡನ್ನು ಹೀನವೆಂದು ಹೇಳಲಿಲ್ಲ. ಅದು ಇಂಪಾಗಿತ್ತೆಂದೇ ಹೇಳಿದನು. ಇಂಪಾದದ್ದೆಲ್ಲ ಹಿತವಾಗಲಾರದೆಂಬುದು ಅವನ ಎಚ್ಚರಿಕೆ.

ಎರಡನೆಯದು, 941ರಲ್ಲಿ ಪಂಪನು ಬರೆದ ‘ಆದಿಪುರಾಣ’. ಜಿನಸೇನಾಚಾರ್ಯರ ಪೂರ್ವಪುರಾಣದ ಕಥೆಯನ್ನು ಅನುಸರಿಸಿ ಪಂಪನು ನೀಲಾಂಜನೆಯ ನೃತ್ಯವನ್ನು ವರ್ಣಿಸುತ್ತಾನೆ. ವೃಷಭನಾಥನ ಮನಸ್ಸಿನಲ್ಲಿ ವೈರಾಗ್ಯವನ್ನು ಹುಟ್ಟಿಸುವ ಉದ್ದೇಶದಿಂದ ಇಂದ್ರನು ಆಯುಷ್ಯ ತೀರುತ್ತ ಬಂದಿದ್ದ ದೇವಗಣಿಕೆಯನ್ನು ಸಭೆಯಲ್ಲಿ ಕುಣಿಸುತ್ತಾನೆ. ಕುಣಿಯುತ್ತಿರುವಂತೆಯೇ ಆಕೆ ಕಣ್ಮರೆಯಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಅರೆಕ್ಷಣದಲ್ಲಿ ಅವಳಂತೆಯೇ ಇರುವ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ. ಗೀತ, ತಾಳ, ನೃತ್ಯ ಮುಂದುವರಿಯುತ್ತವೆ. ವೃಷಭನಾಥನೊಬ್ಬನೇ ಅದನ್ನು ಕಂಡು ಬಾಳಿನ ಅಸ್ಥಿರತೆಯನ್ನು ನೆನೆಯುತ್ತಾನೆ. ಇಲ್ಲಿ ಅದೇ ಗೀತನೃತ್ಯವು ವಿರಾಗಕ್ಕೆ ದಾರಿಯಾಯಿತು.

ಎರಡು ಪ್ರಸಂಗಗಳಲ್ಲಿಯೂ ಕಲೆ ಉತ್ತಮವಾದುದೇ. ಕೇಳುವವರ ಪರಿಣಾಮ ಬೇರೆಯಾಯಿತು. ಆದಕಾರಣವೇ ಜೈನಾಚಾರ್ಯರು ಸಂಗೀತವನ್ನು ತಳ್ಳಿಹಾಕಲಿಲ್ಲ. ವೃಷಭನಾಥನು ಮಕ್ಕಳಿಗೆ ವಿದ್ಯೆಗಳನ್ನು ಹಂಚುವಾಗ ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕವನ್ನೂ ಕಲಿಸಿದಂತೆಯೇ ವೃಷಭಸೇನನಿಗೆ ಗಾಂಧರ್ವಶಾಸ್ತ್ರವನ್ನು ಕಲಿಸಿದನೆಂಬುದು ಪುರಾಣದ ಮಾತು. ಶ್ವೇತಾಂಬರ ಆಗಮಗಳಲ್ಲಿ ಒಂದಾದ ಸ್ಥಾನಾಂಗಸೂತ್ರವು ಸಪ್ತಸ್ವರ, ಗ್ರಾಮ, ಮೂರ್ಛನೆಗಳನ್ನು ಹೇಳಿ, ಗಾಯನದ ಆರು ದೋಷಗಳನ್ನು ಎಣಿಸುತ್ತದೆ: ಅಂಜಿಕೊಂಡು ಹಾಡುವುದು, ಅವಸರದಿಂದ ಹಾಡುವುದು, ದನಿಯನ್ನು ಕಿರಿದುಮಾಡಿ ಹಾಡುವುದು, ತಾಳ ತಪ್ಪಿ ಹಾಡುವುದು, ಕಾಗೆಯ ದನಿಯಲ್ಲಿ ಹಾಡುವುದು, ಮೂಗಿನಲ್ಲಿ ಹಾಡುವುದು. ಇವುಗಳಲ್ಲಿ ಮೊದಲನೆಯದು ಭಯ, ಎರಡನೆಯದು ಅವಸರ ಎಂಬುದನ್ನು ಗಮನಿಸಬೇಕು. ಇವು ಕಂಠದ ದೋಷಗಳೆನ್ನುವುದಕ್ಕಿಂತ ಮನಸ್ಸಿನ ದೋಷಗಳು.

ಕರ್ಣಾಟಕದ ಇತಿಹಾಸದಲ್ಲಿಯೂ ಇದಕ್ಕೆ ನಿದರ್ಶನವುಂಟು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ಗೀತ, ವಾದ್ಯ, ನೃತ್ಯಗಳ ನೈಪುಣ್ಯವನ್ನು ಶಾಸನಗಳು ಹೊಗಳಿವೆ. ಆಕೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ದೇಹವನ್ನು ತ್ಯಜಿಸಿದಳು. ಕಲೆಯೂ ವ್ರತವೂ ಒಬ್ಬರ ಬಾಳಿನಲ್ಲಿ ಒಟ್ಟಿಗೆ ನಿಲ್ಲಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆಲಪ್ತಿಯಿಂದ ಪ್ರಬಂಧಕ್ಕೆ

ಶಾಂತಲೆಯ ಕಾಲವು ಸಂಗೀತಶಾಸ್ತ್ರದ ದೃಷ್ಟಿಯಿಂದಲೂ ಮುಖ್ಯವಾದುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೀತವಿನೋದವೆಂಬ ಭಾಗವಿದೆ, ಕನ್ನಡವೂ ಸೇರಿದಂತೆ ಹಲವು ದೇಶಭಾಷೆಗಳಲ್ಲಿ ಅಂದು ಹಾಡುತ್ತಿದ್ದ ಪ್ರಬಂಧಗಳ ವಿವರ ಅಲ್ಲಿ ದೊರೆಯುತ್ತದೆ. ಮುಂದಿನ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ಬರೆದನು. ಸುಮಾರು ಅದೇ ಕಾಲದವನೆಂದು ವಿದ್ವಾಂಸರು ಎಣಿಸುವ ಇನ್ನೊಬ್ಬ ಶಾಸ್ತ್ರಕಾರನು ದಿಗಂಬರ ಜೈನನಾದ ಪಾರ್ಶ್ವದೇವ. ಅವನ ಕೃತಿ ‘ಸಂಗೀತಸಮಯಸಾರ’. ಅಭಯಚಂದ್ರ ಮುನೀಂದ್ರರ ಭಕ್ತರಾಗಿದ್ದ ಮಹಾದೇವಾರ್ಯರ ಶಿಷ್ಯನೆಂದು ಅವನು ತನ್ನನ್ನು ಹೇಳಿಕೊಂಡಿದ್ದಾನೆ. ‘ಸಂಗೀತಾಕರ’, ‘ಶ್ರುತಿಜ್ಞಾನಚಕ್ರವರ್ತಿ’ ಎಂಬುವು ಅವನ ಬಿರುದುಗಳು. ಈ ಗ್ರಂಥವನ್ನು ಟಿ. ಗಣಪತಿಶಾಸ್ತ್ರಿಗಳು 1925ರಲ್ಲಿ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಮೊದಲಿಗೆ ಅಚ್ಚು ಹಾಕಿಸಿದರು. ಕುಂದಕುಂದಾಚಾರ್ಯರ ‘ಸಮಯಸಾರ’ವನ್ನು ಬಲ್ಲ ಶ್ರಾವಕರಿಗೆ ಈ ಹೆಸರು ಕೇಳಿದೊಡನೆ ಪರಿಚಿತವೆನಿಸುತ್ತದೆ. ಹಾಡುಗಾರರು ತಮ್ಮೊಳಗೆ ಬಳಸುತ್ತಿದ್ದ ದೇಶೀ ಪರಿಭಾಷೆಯನ್ನು ಪಾರ್ಶ್ವದೇವನು ಹಿಂಜರಿಯದೆ ಶಾಸ್ತ್ರದೊಳಗೆ ತಂದನೆಂಬುದು ಅವನ ವಿಶೇಷ. ಗಾಯಕರ ನಡುವೆ ವಾದ ಬಂದಾಗ ಸಭೆಯಲ್ಲಿ ಅದನ್ನು ಹೇಗೆ ನಿರ್ಣಯಿಸಬೇಕೆಂಬುದನ್ನೂ ಅವನು ಬಿಡಲಿಲ್ಲ.

ಈ ಶಾಸ್ತ್ರಕಾರರು ಒಂದು ಧಾಟಿ ಬೆಳೆಯುವ ಕ್ರಮವನ್ನು ಹೇಗೆ ಕಂಡರು? ಮೊದಲನೆಯದು ಆಲಪ್ತಿ. ಮಾತಿಲ್ಲದೆ, ತಾಳದ ಕಟ್ಟಿಲ್ಲದೆ ರಾಗವನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿ ತೋರುವುದು ರಾಗಾಲಪ್ತಿ. ಇದಕ್ಕೆ ಶಾರ್ಙ್ಗದೇವನು ನಾಲ್ಕು ‘ಸ್ವಸ್ಥಾನ’ಗಳನ್ನು ಹೇಳುತ್ತಾನೆ. ರಾಗವು ನೆಲೆನಿಲ್ಲುವ ಸ್ವರ ಸ್ಥಾಯಿ. ಅದರಿಂದ ನಾಲ್ಕನೆಯ ಸ್ವರ ದ್ವ್ಯರ್ಧ, ಎಂಟನೆಯದು ದ್ವಿಗುಣ, ಇವೆರಡರ ನಡುವಿನವು ಅರ್ಧಸ್ಥಿತಗಳು. ಗಾಯಕನು ಮೊದಲ ಹಂತದಲ್ಲಿ ನಾಲ್ಕನೆಯ ಸ್ವರದ ಕೆಳಗೇ ಸಂಚರಿಸಬೇಕು. ಎರಡನೆಯದರಲ್ಲಿ ಅದನ್ನು ಮುಟ್ಟಬಹುದು. ಮೂರನೆಯದರಲ್ಲಿ ಅದರ ಮೇಲಿನ ಸ್ವರಗಳಲ್ಲಿ ಸಂಚರಿಸಬಹುದು. ನಾಲ್ಕನೆಯದರಲ್ಲಿ ಮಾತ್ರ ಎಂಟನೆಯದನ್ನು ಮುಟ್ಟಬಹುದು. ಪ್ರತಿಯೊಂದು ಹಂತದ ಕೊನೆಯಲ್ಲಿಯೂ ಸ್ಥಾಯಿಸ್ವರಕ್ಕೆ ಮರಳಿ ಅಲ್ಲಿಯೇ ನಿಲ್ಲಬೇಕು. ಮೇಲಕ್ಕೆ ಹೋದಷ್ಟೂ ಮರಳುವ ದಾರಿಯೂ ಉದ್ದವಾಗುತ್ತದೆ.

ಅಣುವ್ರತಗಳ ಅಭ್ಯಾಸವನ್ನು ಬಲ್ಲವರಿಗೆ ಈ ಕ್ರಮ ಹೊಸದಲ್ಲ. ಶ್ರಾವಕನು ದಿಗ್ವ್ರತದಲ್ಲಿ ತಾನು ಸಂಚರಿಸುವ ದಿಕ್ಕುಗಳಿಗೆ ಎಲ್ಲೆಯನ್ನು ಇಟ್ಟುಕೊಳ್ಳುತ್ತಾನೆ. ದೇಶಾವಕಾಶಿಕದಲ್ಲಿ ಆ ಎಲ್ಲೆಯನ್ನು ಇಂತಿಷ್ಟು ಕಾಲಕ್ಕೆ ಇನ್ನೂ ಕಿರಿದುಗೊಳಿಸುತ್ತಾನೆ. ಸಾಮಾಯಿಕದಲ್ಲಿ ಕೆಲವು ಗಳಿಗೆಗಳ ಮಟ್ಟಿಗಾದರೂ ತನ್ನಲ್ಲಿಗೆ ಮರಳಿ ಕುಳಿತುಕೊಳ್ಳುತ್ತಾನೆ. ಗಾಯಕನೂ ಎಲ್ಲೆಯನ್ನು ಇಟ್ಟುಕೊಂಡೇ ಬೆಳೆಯುತ್ತಾನೆ.

ರಾಗದ ಸ್ವರೂಪದಲ್ಲಿಯೇ ತ್ಯಾಗವಿದೆಯೆಂಬುದನ್ನೂ ಇಲ್ಲಿ ಹೇಳಬೇಕು. ಏಳು ಸ್ವರಗಳೂ ಇರುವುದು ಸಂಪೂರ್ಣ, ಆರಿರುವುದು ಷಾಡವ, ಐದಿರುವುದು ಔಡವ. ಇಂದು ಎಲ್ಲರಿಗೂ ಪರಿಚಿತವಾದ ಮೋಹನರಾಗದಲ್ಲಿ ಮಧ್ಯಮವೂ ನಿಷಾದವೂ ಇಲ್ಲ; ಹಿಂದೋಳದಲ್ಲಿ ರಿಷಭವೂ ಪಂಚಮವೂ ಇಲ್ಲ. ಬಿಟ್ಟ ಸ್ವರಗಳನ್ನು ಶಾಸ್ತ್ರವು ವರ್ಜ್ಯವೆಂದು ಕರೆಯುತ್ತದೆ. ಬಿಟ್ಟದ್ದನ್ನು ಮತ್ತೆ ತಂದರೆ ಸಂಪತ್ತು ಹೆಚ್ಚಾಗುವುದಿಲ್ಲ, ರಾಗ ಕೆಡುತ್ತದೆ. ಪರಿಗ್ರಹಪರಿಮಾಣದ ತತ್ತ್ವವನ್ನು ಇಷ್ಟು ನೇರವಾಗಿ ಕಿವಿಗೆ ಮುಟ್ಟಿಸುವ ಉದಾಹರಣೆ ಅಪರೂಪ.

ರಾಗಾಲಪ್ತಿಯ ಬಳಿಕ ಬರುವುದು ಪ್ರಬಂಧ, ಎಂದರೆ ಕಟ್ಟಲ್ಪಟ್ಟ ಗೀತ. ಇದರ ಮಾತಿಗೆ ‘ಮಾತು’ ಎಂದೂ ಸ್ವರರಚನೆಗೆ ‘ಧಾತು’ ಎಂದೂ ಹೆಸರು. ಎರಡನ್ನೂ ರಚಿಸಬಲ್ಲವನು ವಾಗ್ಗೇಯಕಾರ. ಪ್ರಬಂಧಕ್ಕೆ ಆರು ಅಂಗಗಳು: ಸ್ವರ, ಬಿರುದು, ಪದ, ತೇನ, ಪಾಟ, ತಾಳ. ತೇನವೆಂದರೆ ಮಂಗಳಸೂಚಕವಾದ ಅಕ್ಷರಗಳು. ಪಾಟವೆಂದರೆ ವಾದ್ಯದ ಶಬ್ದಗಳು. ಶಾರ್ಙ್ಗದೇವನು ಪ್ರಬಂಧವನ್ನು ಒಬ್ಬ ಪುರುಷನೆಂದು ಕಲ್ಪಿಸಿಕೊಂಡು ತೇನ ಮತ್ತು ಪದಗಳನ್ನು ಕಣ್ಣುಗಳೆಂದೂ, ಪಾಟ ಮತ್ತು ಬಿರುದುಗಳನ್ನು ಕೈಗಳೆಂದೂ, ತಾಳ ಮತ್ತು ಸ್ವರಗಳನ್ನು ಕಾಲುಗಳೆಂದೂ ಹೇಳುತ್ತಾನೆ. ಅರ್ಥವೂ ಮಂಗಳವೂ ಇಲ್ಲದ ಗೀತ ಎಷ್ಟು ಚುರುಕಾಗಿ ನಡೆದರೂ ಕುರುಡೆಂಬುದು ಈ ಹೋಲಿಕೆಯಿಂದ ಹೊರಡುವ ಭಾವ.

ಗೀತದ ಧ್ರುವ

ಅಂಗಗಳಿಗಿಂತಲೂ ನಮ್ಮ ವಿಷಯಕ್ಕೆ ಮುಖ್ಯವಾದುವು ಪ್ರಬಂಧದ ಅವಯವಗಳು. ಇವುಗಳಿಗೂ ಧಾತುಗಳೆಂದೇ ಹೆಸರು. ಗೀತವನ್ನು ಎತ್ತಿಕೊಳ್ಳುವ ಮೊದಲ ಭಾಗ ಉದ್ಗ್ರಾಹ. ಅದನ್ನು ಮುಂದಿನ ಭಾಗಕ್ಕೆ ಕೂಡಿಸುವುದು ಮೇಲಾಪಕ. ಆಮೇಲೆ ಬರುವುದು ಧ್ರುವ. ಗೀತವನ್ನು ತುಂಬಿ ಮುಗಿಸುವುದು ಆಭೋಗ. ಕೆಲವು ಬಗೆಯ ಗೀತಗಳಲ್ಲಿ ಧ್ರುವಕ್ಕೂ ಆಭೋಗಕ್ಕೂ ನಡುವೆ ಅಂತರವೆಂಬ ಇನ್ನೊಂದು ಭಾಗ ಬರುವುದುಂಟು. ನಾಲ್ಕು ಧಾತುಗಳಿರುವ ಪ್ರಬಂಧಗಳುಂಟು, ಮೂರಿರುವುವುಂಟು, ಎರಡೇ ಇರುವುವೂ ಉಂಟು. ಮೇಲಾಪಕವನ್ನು ಬಿಡಬಹುದು, ಆಭೋಗವನ್ನು ಬಿಡಬಹುದು. ಆದರೆ ಉದ್ಗ್ರಾಹವನ್ನೂ ಧ್ರುವವನ್ನೂ ಬಿಡುವಂತಿಲ್ಲ. ಎಂದಿಗೂ ಬಿಡಲಾಗದೆ ಸ್ಥಿರವಾಗಿರುವುದರಿಂದಲೇ ಅದಕ್ಕೆ ಧ್ರುವವೆಂಬ ಹೆಸರು ಬಂದಿತು.

ಈ ಬಗೆಯ ರಚನೆಗಳೇ ಕಾಲಾಂತರದಲ್ಲಿ ರೂಪ ಬದಲಾಯಿಸಿಕೊಂಡುವು. ಸಾಲಗಸೂಡವು ಹರಿದಾಸರ ಕೈಯಲ್ಲಿ ಸುಳಾದಿಯಾಯಿತು. ಪಲ್ಲವಿ, ಅನುಪಲ್ಲವಿ, ಚರಣಗಳೆಂದು ಇಂದು ನಾವು ಕರೆಯುವ ವಿಭಾಗಗಳಲ್ಲಿಯೂ ಹಳೆಯ ತತ್ತ್ವವೇ ಉಳಿದಿದೆ. ಪ್ರತಿಯೊಂದು ಚರಣದ ಬಳಿಕ ಗಾಯಕನು ಪಲ್ಲವಿಗೆ ಮರಳುತ್ತಾನೆ. ಸಿದ್ಧವಾದ ಗೀತವನ್ನು ಹಾಡುತ್ತಲೇ ಬೆಳೆಸುವ ಕ್ರಮವನ್ನೂ ಹಿಂದಿನವರು ಹೇಳಿದ್ದಾರೆ. ಅದು ರೂಪಕಾಲಪ್ತಿ. ಅದರ ‘ಭಂಜನಿ’ ಎಂಬ ಭೇದದಲ್ಲಿ ಗೀತದ ಒಂದು ಭಾಗದ ಮಾತನ್ನೂ ತಾಳವನ್ನೂ ಹಾಗೆಯೇ ಇರಿಸಿಕೊಂಡು ಸ್ವರಗಳನ್ನು ಮಾತ್ರ ಬಗೆಬಗೆಯಾಗಿ ಬದಲಿಸಲಾಗುತ್ತದೆ. ಇಂದಿನ ಕಛೇರಿಯ ನೆರವಲ್ ಇದನ್ನೇ ನೆನಪಿಗೆ ತರುತ್ತದೆ. ಇದರಲ್ಲಿಯೂ ಒಂದು ನಿಂತಿರುತ್ತದೆ, ಇನ್ನೊಂದು ಬದಲಾಗುತ್ತದೆ.

ತತ್ತ್ವಾರ್ಥಸೂತ್ರವನ್ನು ಓದಿದವರಿಗೆ ಇಲ್ಲಿ ಒಂದು ಪರಿಚಿತ ತ್ರಿಪುಟಿ ನೆನಪಾಗದಿರದು. ಸತ್ತಿನ ಲಕ್ಷಣ ಉತ್ಪಾದ, ವ್ಯಯ, ಧ್ರೌವ್ಯ. ಪ್ರತಿಯೊಂದು ದ್ರವ್ಯವೂ ಹೊಸ ಪರ್ಯಾಯವಾಗಿ ಹುಟ್ಟುತ್ತದೆ, ಹಳೆಯ ಪರ್ಯಾಯವಾಗಿ ಅಳಿಯುತ್ತದೆ, ದ್ರವ್ಯವಾಗಿ ನಿಲ್ಲುತ್ತದೆ. ಚಿನ್ನದ ಬಳೆಯನ್ನು ಕರಗಿಸಿ ಸರ ಮಾಡಿದರೆ ಬಳೆ ಹೋಯಿತು, ಸರ ಬಂದಿತು, ಚಿನ್ನ ಉಳಿಯಿತು ಎಂದು ನಮ್ಮ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಸಂಗೀತಶಾಸ್ತ್ರಕಾರರು ಈ ಸೂತ್ರದಿಂದಲೇ ಗೀತದ ಧ್ರುವಕ್ಕೆ ಹೆಸರನ್ನಿಟ್ಟರೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಸಂಗೀತದ ಧ್ರುವ ಎಲ್ಲ ಮತದವರಿಗೂ ಸಮಾನವಾದುದು. ಆದರೆ ಹಾಡನ್ನು ಕೇಳುವ ಶ್ರಾವಕನು ಬಯಸಿದರೆ ಸೂತ್ರದ ಅರ್ಥವನ್ನು ಅಲ್ಲಿಯೇ ಕಾಣಬಹುದು. ಒಂದೊಂದು ಸ್ವರವೂ ಹುಟ್ಟುತ್ತಿದೆ. ಹುಟ್ಟಿದ ಕ್ಷಣದಲ್ಲಿಯೇ ಅಳಿಯುತ್ತಿದೆ. ಅಳಿಯದಿದ್ದರೆ ಮುಂದಿನ ಸ್ವರಕ್ಕೆ ಎಡೆಯಿಲ್ಲ. ಹುಟ್ಟು ಸಾವುಗಳ ಈ ಸಾಲಿನ ನಡುವೆ ಗೀತವು ತನ್ನ ಧ್ರುವಕ್ಕೆ ಮರಳುತ್ತಿದೆ. ನೀಲಾಂಜನೆಯ ಪ್ರಸಂಗವನ್ನು ಈಗ ಮತ್ತೆ ನೆನೆಯಬೇಕು. ಸಭೆಯು ನೃತ್ಯದ ಮುಂದುವರಿಕೆಯನ್ನಷ್ಟೇ ಕಂಡಿತು; ವೃಷಭನಾಥನು ಅದರೊಳಗಿನ ವ್ಯಯವನ್ನೂ ಕಂಡನು. ಅಮೃತಮತಿಯಾದರೋ ಹರಿದುಹೋಗುತ್ತಿದ್ದ ದನಿಯನ್ನು ಹಿಡಿದಿಟ್ಟುಕೊಳ್ಳಬಯಸಿದಳು. ಹಾಡು ಮುಗಿದ ಮೇಲೂ ಅದನ್ನು ಬಿಡಲಾರದ ಮನಸ್ಸಿನಲ್ಲಿ ರಾಗವು ಕಷಾಯವಾಗುತ್ತದೆ. ಮುಗಿಯುವುದು ಹಾಡಿನ ಸ್ವಭಾವವೆಂದು ಅರಿತು ಕೇಳುವ ಮನಸ್ಸಿನಲ್ಲಿ ಅದೇ ರಾಗವು ಅನುಪ್ರೇಕ್ಷೆಗೆ ಸಾಧನವಾಗುತ್ತದೆ.

ಸಾಂಗತ್ಯದ ಮಿತವ್ಯಯ

ಈವರೆಗೆ ಹೇಳಿದ್ದು ಶಾಸ್ತ್ರದ ಮಾತು. ಅದು ಜನರ ಬಾಯಲ್ಲಿ ಯಾವ ರೂಪವನ್ನು ತಾಳಿತೆಂದು ನೋಡಬೇಕಾದರೆ ಕೆರೆಕಟ್ಟೆಯ ಹಾದಿಯನ್ನು ಹಿಡಿದು ಘಟ್ಟವಿಳಿದು ಮೂಡುಬಿದಿರೆಗೆ ಬರಬೇಕು. 16ನೆಯ ಶತಮಾನದಲ್ಲಿ ಅಲ್ಲಿ ಬಾಳಿದ ರತ್ನಾಕರವರ್ಣಿಯು ‘ಭರತೇಶವೈಭವ’ವನ್ನು ಬರೆದನು. ಅವನ ‘ತ್ರಿಲೋಕಶತಕ’ವು 1557ರಲ್ಲಿ ಮುಗಿದುದರಿಂದ ಅವನ ಕಾಲ ನಮಗೆ ಖಚಿತವಾಗಿ ತಿಳಿಯುತ್ತದೆ. ಭರತೇಶವೈಭವದ ಛಂದಸ್ಸು ಸಾಂಗತ್ಯ. ಇದು ಅಂಶಗಣದ ನಾಲ್ಕು ಸಾಲಿನ ಪದ್ಯ. ಒಂದನೆಯ ಮತ್ತು ಮೂರನೆಯ ಸಾಲುಗಳಲ್ಲಿ ನಾಲ್ಕು ವಿಷ್ಣುಗಣಗಳು. ಎರಡನೆಯ ಮತ್ತು ನಾಲ್ಕನೆಯ ಸಾಲುಗಳಲ್ಲಿ ಎರಡು ವಿಷ್ಣುಗಣಗಳೂ ಒಂದು ಬ್ರಹ್ಮಗಣವೂ. ಉದ್ದವಾದ ಸಾಲು ಪ್ರಶ್ನೆಯಂತೆ ಏಳುತ್ತದೆ. ಕಿರಿದಾದ ಸಾಲು ಉತ್ತರದಂತೆ ಇಳಿಯುತ್ತದೆ. ಇದು ಓದುವುದಕ್ಕಿಂತ ಹೆಚ್ಚಾಗಿ ಹಾಡುವುದಕ್ಕೆ ಹುಟ್ಟಿದ ಛಂದಸ್ಸು. ತ್ರಿಪದಿ, ಷಟ್ಪದಿಗಳನ್ನು ಸಂಗೀತರತ್ನಾಕರವು ಪ್ರಬಂಧಗಳ ಸಾಲಿನಲ್ಲಿಯೇ ಎಣಿಸಿರುವುದನ್ನು ಇಲ್ಲಿ ನೆನೆಯಬಹುದು. ಕನ್ನಡದ ದೇಶೀ ಛಂದಸ್ಸಿಗೂ ಗಾನಕ್ಕೂ ಇರುವ ನಂಟು ಅಷ್ಟು ಹಳೆಯದು. ಸಾಂಗತ್ಯವು ಒಂದೇ ಮತದ ಸೊತ್ತಲ್ಲ. ಕನಕದಾಸರ ‘ಮೋಹನತರಂಗಿಣಿ’ಯೂ ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ವೂ ಇದೇ ಮಟ್ಟಿನಲ್ಲಿವೆ.

ಭರತೇಶವೈಭವದಲ್ಲಿ 80 ಸಂಧಿಗಳು, ಸುಮಾರು ಹತ್ತು ಸಾವಿರ ಪದ್ಯಗಳು. ಎಂದರೆ ಸುಮಾರು ನಲವತ್ತು ಸಾವಿರ ಸಾಲುಗಳು. ಭೋಗವಿಜಯದಿಂದ ತೊಡಗಿ ದಿಗ್ವಿಜಯ, ಯೋಗವಿಜಯಗಳನ್ನು ಹಾದು ಮೋಕ್ಷವಿಜಯ, ಅರ್ಕಕೀರ್ತಿವಿಜಯಗಳವರೆಗೆ ಕಥೆ ಹರಡಿದೆ. ಇಷ್ಟನ್ನೂ ಹೊತ್ತಿರುವುದು ನಾಲ್ಕು ಸಾಲಿನ ಒಂದು ಧಾಟಿ. ರಾಜಸಭೆಯ ಪ್ರಬಂಧವು ಧಾತುಗಳನ್ನೂ ಅಂಗಗಳನ್ನೂ ಸೇರಿಸಿಕೊಂಡು ಬೆಳೆಯಿತು. ಸಾಂಗತ್ಯವು ಏನನ್ನೂ ಸೇರಿಸಿಕೊಳ್ಳದೆ ಬೆಳೆಯಿತು. ಅಲ್ಲಿ ಮಾತನ್ನು ನಿಲ್ಲಿಸಿ ಸ್ವರವನ್ನು ಬದಲಿಸಿದರು. ಇಲ್ಲಿ ಸ್ವರವನ್ನು ನಿಲ್ಲಿಸಿ ಮಾತನ್ನು ಬದಲಿಸಿದರು. ಎರಡೂ ಗೀತವನ್ನು ಬೆಳೆಸುವ ಕ್ರಮಗಳೇ. ಆದರೆ ಎರಡನೆಯದಕ್ಕೆ ಆಸ್ಥಾನ ಬೇಕಿಲ್ಲ, ವಾದ್ಯಮೇಳ ಬೇಕಿಲ್ಲ. ಭತ್ತ ಕುಟ್ಟುವ, ತೊಟ್ಟಿಲು ತೂಗುವ ಮನೆಯಲ್ಲಿಯೂ ಅದು ನಡೆಯುತ್ತದೆ. ಸಭೆಯಲ್ಲಿ ಗಮಕಿಯು ಸಂದರ್ಭಕ್ಕೆ ತಕ್ಕಂತೆ ರಾಗವನ್ನು ಬದಲಿಸಬಹುದು. ಯುದ್ಧಕ್ಕೆ ಒಂದು, ಶೋಕಕ್ಕೆ ಒಂದು. ಆದರೂ ಛಂದಸ್ಸಿನ ಏರಿಳಿತ ಒಂದೇ ಆಗಿರುತ್ತದೆ. ಅದೇ ಅಲ್ಲಿನ ಧ್ರುವ.

ಹೇಳುವ ಬಗೆಗೆ ತಕ್ಕಂತೆಯೇ ಹೇಳಿದ ಕಥೆಯೂ ಇದೆ. ರತ್ನಾಕರನ ಭರತ ಚಕ್ರವರ್ತಿ ಭೋಗದ ನಡುವೆಯೇ ಯೋಗಿ. ಷಟ್ಖಂಡ ಭೂಮಂಡಲವನ್ನು ಆಳುತ್ತಾನೆ, ಗಾನವನ್ನು ಕೇಳುತ್ತಾನೆ, ಊಟ ಉಡಿಗೆಗಳಲ್ಲಿ ಕೊರತೆಯಿಲ್ಲ. ಆದರೂ ದಿನದಿನವೂ ಕಣ್ಣು ಮುಚ್ಚಿ ಆತ್ಮಧ್ಯಾನಕ್ಕೆ ಮರಳುತ್ತಾನೆ. ಚಕ್ರವರ್ತಿತ್ವ ಅವನ ಸಂಚಾರ, ಧ್ಯಾನ ಅವನ ಸ್ಥಾಯಿ. ಶೃಂಗಾರಕವಿಯೆಂದು ಹೆಸರಾದವನು ಇಂತಹ ಕಥಾನಾಯಕನನ್ನು ಆರಿಸಿಕೊಂಡುದರಲ್ಲಿಯೇ ರಾಗ ವಿರಾಗಗಳ ಪ್ರಶ್ನೆಗೆ ಅವನ ಉತ್ತರವಿದೆ. ಈ ಉತ್ತರವನ್ನು ಅಂದಿನವರೆಲ್ಲರೂ ಒಪ್ಪಿದರೆಂದು ತಿಳಿಯಬೇಕಿಲ್ಲ. 19ನೆಯ ಶತಮಾನದ ದೇವಚಂದ್ರನ ‘ರಾಜಾವಳೀಕಥೆ’ಯಲ್ಲಿ ಬರುವ ಐತಿಹ್ಯದ ಪ್ರಕಾರ, ಕೃತಿಯನ್ನು ಆನೆಯ ಮೇಲಿಟ್ಟು ಮೆರೆಸಬೇಕೆಂದಾಗ ಶಾಸ್ತ್ರಕ್ಕೆ ವಿರುದ್ಧವಾದ ಪದ್ಯಗಳು ಇದರಲ್ಲಿವೆಯೆಂಬ ಆಕ್ಷೇಪ ಬಂದು ಕವಿಯು ನೊಂದು ಕೆಲಕಾಲ ಮತವನ್ನೇ ತೊರೆದನಂತೆ. ಐತಿಹ್ಯದಲ್ಲಿ ಸತ್ಯವೆಷ್ಟಾದರೂ ಇರಲಿ. ಅಂಬಾರಿಯ ಮೇಲೆ ಏರದ ಕಾವ್ಯವು ಜನರ ನಾಲಿಗೆಯ ಮೇಲೆ ಏರಿ ಕುಳಿತುದು ಮಾತ್ರ ಚರಿತ್ರೆ.

ನಮ್ಮ ಮುಂದಿರುವ ಪ್ರಶ್ನೆ

ಇಷ್ಟೆಲ್ಲ ಇತಿಹಾಸವನ್ನು ನೆನೆಯುವುದಕ್ಕೆ ಕಾರಣವುಂಟು. ಇಂದು ಅನೇಕ ಕಡೆಗಳಲ್ಲಿ ಪೂಜೆ, ಭಜನೆಗಳ ಹಾಡುಗಳಿಗೆ ಚಲನಚಿತ್ರಗೀತೆಗಳ ಧಾಟಿಯನ್ನು ಹೊಂದಿಸುವುದು ವಾಡಿಕೆಯಾಗಿದೆ. ಮಕ್ಕಳು ಬೇಗ ಕಲಿಯುತ್ತಾರೆ, ಜನ ಸೇರುತ್ತಾರೆ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಈ ಮಾತನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಸಾಂಗತ್ಯದ ಕವಿಗಳೂ ಜನರಿಗೆ ಗೊತ್ತಿದ್ದ ಮಟ್ಟನ್ನೇ ಎತ್ತಿಕೊಂಡವರು. ದೇಶೀ ಧಾಟಿಯನ್ನು ಧರ್ಮಕ್ಕೆ ಬಳಸಿಕೊಳ್ಳುವುದು ನಮ್ಮ ಪರಂಪರೆಗೆ ಹೊಸದಲ್ಲ. ಹಾಗಾದರೆ ವ್ಯತ್ಯಾಸವೆಲ್ಲಿ?

ಸಾಂಗತ್ಯದ ಧಾಟಿಗೆ ತನ್ನದೇ ಆದ ಒಂದು ಕಥೆ ಅಂಟಿಕೊಂಡಿರಲಿಲ್ಲ. ಅದು ಬರಿಯ ಪಾತ್ರೆ. ಭರತನ ಕಥೆಯನ್ನು ಹೊಯ್ದರೆ ಭರತನದಾಯಿತು, ಗೃಹಿಣಿಯ ಧರ್ಮವನ್ನು ಹೊಯ್ದರೆ ಅದರದಾಯಿತು. ಇಂದಿನ ಚಿತ್ರಗೀತೆ ಹಾಗಲ್ಲ. ಅದು ಒಬ್ಬ ನಟನ, ಒಬ್ಬ ನಟಿಯ, ಒಂದು ಪ್ರಸಂಗದ ನೆನಪಿನೊಡನೆ ಬೆಸೆದು ಬಂದಿರುತ್ತದೆ. ಜಲ ಗಂಧ ಅಕ್ಷತೆಗಳ ಪದ್ಯವನ್ನು ಆ ಧಾಟಿಯಲ್ಲಿ ಹಾಡುವಾಗ ನಾಲಿಗೆ ಜಿನಸ್ತುತಿಯನ್ನು ಮಾಡುತ್ತಿದ್ದರೂ ಮನಸ್ಸು ಬೇರೆಡೆಗೆ ಹೋಗಿರುತ್ತದೆ. ಅಮೃತಮತಿಯ ಕಿವಿಗೆ ಬಿದ್ದ ಹಾಡಿನಂತೆ, ದನಿಯು ಅರ್ಥವನ್ನು ಬಿಟ್ಟು ತನ್ನ ದಾರಿಯಲ್ಲಿ ಎಳೆದೊಯ್ಯುತ್ತದೆ. ಇದಲ್ಲದೆ ಅಚೌರ್ಯವ್ರತದ ದೃಷ್ಟಿಯೂ ಒಂದಿದೆ. ಒಬ್ಬ ಸಂಗೀತಗಾರನು ಶ್ರಮಪಟ್ಟು ಕಟ್ಟಿದ ಧಾಟಿಯನ್ನು ಅವನ ಹೆಸರನ್ನೂ ಹೇಳದೆ, ಒಪ್ಪಿಗೆಯನ್ನೂ ಕೇಳದೆ ಎತ್ತಿಕೊಳ್ಳುವುದು ಅದತ್ತಾದಾನವಲ್ಲವೇ? ದೇವರ ಕೆಲಸಕ್ಕೆಂದು ಎತ್ತಿಕೊಂಡರೂ ಕೊಡದೆ ಇದ್ದುದನ್ನು ಎತ್ತಿಕೊಂಡಂತೆಯೇ ಆಯಿತು.

ಇದಕ್ಕೆ ಪರಿಹಾರ ನಿಷೇಧವಲ್ಲ, ಅಭ್ಯಾಸ. ಬಸದಿಯ ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವ ಧಾಟಿಗಳನ್ನು ಮಕ್ಕಳು ಕಲಿತುಕೊಳ್ಳಬೇಕು. ಧ್ವನಿಮುದ್ರಿಸಿ ಇಡುವುದು ಈಗ ಸುಲಭ. ಆದರೆ ಯಂತ್ರದಲ್ಲಿಟ್ಟ ಧಾಟಿ ಕೂಡಿಟ್ಟ ಧನದಂತೆ, ಬಾಯಲ್ಲಿಟ್ಟ ಧಾಟಿ ಬಿತ್ತಿದ ಬೀಜದಂತೆ. ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಭರತೇಶವೈಭವದ ಹತ್ತು ಪದ್ಯಗಳನ್ನು ಎಲ್ಲರೂ ಕೂಡಿ ಹಾಡಬಹುದು. ಹೊಸ ಧಾಟಿಯನ್ನು ಕಟ್ಟಬಲ್ಲ ಯುವಕ ಯುವತಿಯರು ನಮ್ಮಲ್ಲಿದ್ದಾರೆ. ಅವರು ಐದು ಸ್ವರಗಳ ಒಂದು ಚಿಕ್ಕ ಧಾಟಿಯನ್ನು ತಾವೇ ಕಟ್ಟಲಿ. ಮೊದಲು ನಾಲ್ಕು ಸ್ವರಗಳ ಎಲ್ಲೆಯೊಳಗೆ ಅದನ್ನು ಹಾಡಿ ನೋಡಲಿ. ನೆಲೆ ಗಟ್ಟಿಯಾದ ಮೇಲೆ ಮೇಲಕ್ಕೆ ಹೋಗಲಿ. ಹೋದಷ್ಟು ಸಲವೂ ಸ್ಥಾಯಿಗೆ ಮರಳಲಿ. ಎತ್ತಿಕೊಳ್ಳುವುದಕ್ಕೆ ಉದ್ಗ್ರಾಹ, ಮರಳುವುದಕ್ಕೆ ಧ್ರುವ ಇವೆರಡು ಸಿಕ್ಕಿದರೆ ಸಾಕು, ಗೀತ ಹುಟ್ಟಿತು; ಉಳಿದುದೆಲ್ಲ ತಾಳ್ಮೆಯಿಂದ ಬರುತ್ತದೆ. ಅಂಜದೆ, ಅವಸರಪಡದೆ ಹಾಡಬೇಕೆಂಬ ಆಗಮದ ಮಾತನ್ನು ನೆನಪಿಟ್ಟರೆ ಒಳ್ಳೆಯ ಹಾಡುಗಾರಿಕೆಗೂ ಒಳ್ಳೆಯ ಬಾಳಿಗೂ ಅದೇ ಮೊದಲ ಪಾಠ.

ಶೃಂಗೇರಿಯ ಪಾರ್ಶ್ವನಾಥನ ಮುಂದೆ ಎತ್ತಿಕೊಂಡ ಧಾಟಿಯನ್ನು ಬಾಯಲ್ಲಿಯೇ ಗುನುಗುತ್ತ ಕೆರೆಕಟ್ಟೆಯ ಕಾಡನ್ನು ದಾಟಿ, ಕಾರ್ಕಳದ ಬಾಹುಬಲಿಯ ಅಡಿಯಲ್ಲಿ ಅದನ್ನೇ ಮುಗಿಸುವ ಯಾತ್ರಿಕರು ಮುಂದೆಯೂ ಇರಲಿ. ದಾರಿಯುದ್ದಕ್ಕೂ ಊರು ಬದಲಾಗುತ್ತದೆ, ಮಳೆ ಬಿಸಿಲುಗಳು ಬದಲಾಗುತ್ತವೆ, ಹಾಡುವವರ ತಲೆಮಾರುಗಳೂ ಬದಲಾಗುತ್ತವೆ. ಬದಲಾಗುವುದನ್ನು ಬದಲಾಗಲು ಬಿಟ್ಟು, ನಿಲ್ಲಬೇಕಾದುದನ್ನು ನಿಲ್ಲಿಸಿಕೊಳ್ಳುವ ವಿವೇಕವೇ ಗೀತವನ್ನೂ ಬಾಳನ್ನೂ ಪೂರ್ಣಗೊಳಿಸುತ್ತದೆ. ಆ ವಿವೇಕವು ನಮ್ಮೆಲ್ಲರಿಗೂ ಲಭಿಸಲಿ.